ಗೋದಲಿ, ನಕ್ಷತ್ರ, ನಾಲ್ಕು ಬತ್ತಿ: ಕ್ರಿಸ್‌ಮಸ್ ಅಲಂಕಾರವನ್ನು ಅರ್ಥ ಕೆಡದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಕ್ರಿಸ್‌ಮಸ್‌ಗೆ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ಜೋಡಿಸುವವರಿಂದ ಪ್ರತಿ ಡಿಸೆಂಬರ್‌ನಲ್ಲೂ ಕೇಳಿಬರುವ ಗೋಳು ಬಹುತೇಕ ಒಂದೇ ಥರದ್ದು. ಗೋದಲಿಯ ಹಸಿರಿಗೆಂದು ಬೆಳೆಸಿದ ರಾಗಿ ಪೈರು ಹಬ್ಬಕ್ಕೆ ಮೊದಲೇ ಹಳದಿಯಾಗಿ ಮಲಗಿಬಿಟ್ಟಿತು. ಥರ್ಮಕೋಲ್ ಗುಡ್ಡಕ್ಕೆ ಬಣ್ಣ ಹೊಡೆದರೆ ಕರಗಿ ತೂತುಬಿತ್ತು. ಗುಲಾಬಿ ಬತ್ತಿಯನ್ನು ಯಾವ ವಾರ ಹಚ್ಚಬೇಕೋ ಗೊತ್ತಾಗಲಿಲ್ಲ. ಕೂಸನ್ನು ನೋಡಲು ಮೂಡಣದಿಂದ ಬಂದ ಮೂವರು ರಾಯರ ಗೊಂಬೆಗಳನ್ನು ಎಲ್ಲಿ ನಿಲ್ಲಿಸುವುದೆಂದು ಮನೆಯಲ್ಲೇ ಜಗಳ. ಇದರಲ್ಲಿ ಅರ್ಧ ಕೈಕೆಲಸದ ತೊಂದರೆ, ಇನ್ನರ್ಧ ಕ್ರಮದ ತೊಂದರೆ. ಎರಡಕ್ಕೂ ಕಾರಣ ಒಂದೇ: ಒಂದು ಭಾನುವಾರ ಮಧ್ಯಾಹ್ನ ಕೂತು ಎಲ್ಲವನ್ನೂ ಮುಗಿಸಿಬಿಡುವ ಆತುರ.

ಈ ಅಲಂಕಾರ ಆರು ವಾರ ಹಿಡಿಯುವ ಕೆಲಸ. ಪ್ರತಿ ವಸ್ತುವಿಗೂ ಬರುವ ದಿನವಿದೆ, ಹೋಗುವ ದಿನವಿದೆ. ಅರ್ಥದ ಬಹುಪಾಲು ಆ ದಿನಗಳಲ್ಲೇ ಇದೆ. ಹುಟ್ಟಿಲ್ಲದ ಕೂಸನ್ನು ಡಿಸೆಂಬರ್ 1ಕ್ಕೇ ಮಲಗಿಸಿಬಿಟ್ಟರೆ ಮುಂದಿನ ಮೂರು ವಾರ ನೀವು ಯಾರಿಗಾಗಿ ಕಾಯುತ್ತಿದ್ದೀರಿ?

ಇಲ್ಲಿ ಹೇಳಿರುವುದು ನಮ್ಮಲ್ಲಿ ಹೆಚ್ಚಾಗಿ ನಡೆಯುವ ಲ್ಯಾಟಿನ್ ಪದ್ಧತಿಯ ಕಥೋಲಿಕ ಕ್ರಮ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮೊದಲಾದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಗೋದಲಿ ಕಡ್ಡಾಯವಲ್ಲ. ಬತ್ತಿ, ನಕ್ಷತ್ರ, ಮರದ ಭಾಗಗಳು ಅವರಿಗೂ ಹೊಂದುತ್ತವೆ. ಕೇರಳ ಮೂಲದ ಸೀರೋ ಮಲಬಾರ್ ಪದ್ಧತಿಯ ಕಥೋಲಿಕರ ಪಂಚಾಂಗ ಸ್ವಲ್ಪ ಬೇರೆ, ಅವರು ದಿನಾಂಕಗಳನ್ನು ತಮ್ಮ ಗುರುಗಳ ಹತ್ತಿರ ಕೇಳಿಕೊಳ್ಳಲಿ.

ಮೊದಲು ಕೂಡಿಡಬೇಕಾದ ಸಾಮಾನು

ಬತ್ತಿಗಳಿಗೆ: ಮೂರು ನೇರಳೆ, ಒಂದು ಗುಲಾಬಿ, ಒಂದು ದಪ್ಪ ಬಿಳಿ ಮೇಣದಬತ್ತಿ, ಅಗಲವಾದ ಸ್ಟೀಲ್ ತಟ್ಟೆ, ಮರಳು, ತಂತಿ. ನಕ್ಷತ್ರಕ್ಕೆ: ಬಿದಿರಿನ ಸೀಳು, ದಾರ, ಬಣ್ಣದ ಕಾಗದ, ಮೈದಾ ಅಂಟು, ಹೋಲ್ಡರ್ ಸಮೇತ ವೈರು, ಎಲ್ಇಡಿ ಬಲ್ಬು.

ಗೋದಲಿಗೆ: ಗಟ್ಟಿಯಾದ ಬೆಂಚು ಅಥವಾ ಮೇಜು, ಹಳೆಯ ರಟ್ಟಿನ ಪೆಟ್ಟಿಗೆಗಳು, ಖಾಕಿ ಕಾಗದ, ಗೋಣಿಚೀಲ, ಒಣ ಹುಲ್ಲು, ಮರಳು, ರಾಗಿ, ತಗ್ಗಾದ ಟ್ರೇಗಳು, ಗೊಂಬೆಗಳ ಸೆಟ್ಟು. ಗೊಂಬೆ ಕೊಳ್ಳುವಾಗ ಬಾಲಯೇಸು ತಾನು ಮಲಗಿರುವ ಮೇವಿನ ತೊಟ್ಟಿಯಿಂದ ಬೇರೆಯಾಗಿ ಎತ್ತಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಅಗ್ಗದ ಸೆಟ್ಟುಗಳಲ್ಲಿ ಎರಡೂ ಒಂದೇ ಅಚ್ಚಿನಲ್ಲಿರುತ್ತವೆ. ಅಂಥದ್ದೇ ಮನೆಯಲ್ಲಿದ್ದರೆ ಉಪಾಯ ಮುಂದೆ ಹೇಳಿದ್ದೇನೆ.

ಕಾಡಿನಿಂದ ಪಾಚಿ ಕಿತ್ತು ತರಬೇಡಿ. ಗೋದಲಿಯಲ್ಲಿ ಅದು ನಾಲ್ಕು ದಿನದಲ್ಲಿ ಒಣಗುತ್ತದೆ, ಕಲ್ಲಿನ ಮೇಲೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ರಾಗಿ ಪೈರು ಇರುವಾಗ ಅದರ ಅಗತ್ಯವೂ ಇಲ್ಲ.

ಹಂತ 1: ದಿನಾಂಕ ಗೊತ್ತುಮಾಡಿ

ಡಿಸೆಂಬರ್ 25ರಿಂದ ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿ. ನಾಲ್ಕನೆಯದು ಆಗಮನ ಕಾಲದ (ಅಡ್ವೆಂಟ್, ಅಂದರೆ ಯೇಸುವಿನ ಹುಟ್ಟಿಗಾಗಿ ಕಾಯುವ ವಾರಗಳ) ಮೊದಲ ದಿನ. ಅದು ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3 ದಾಟುವುದಿಲ್ಲ. 2026ರಲ್ಲಿ ಆ ಭಾನುವಾರಗಳು ನವೆಂಬರ್ 29, ಡಿಸೆಂಬರ್ 6, 13 ಮತ್ತು 20. ಮೂವರು ರಾಯರ ಹಬ್ಬ 2027ರ ಜನವರಿ 3ಕ್ಕೆ, ಯೇಸುವಿನ ದೀಕ್ಷಾಸ್ನಾನದ ಹಬ್ಬ ಜನವರಿ 10ಕ್ಕೆ. ಇಷ್ಟನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಇಲ್ಲಿ ಜನ ಎಡವುವುದು ಎರಡು ಕಡೆ. ದಿನಕ್ಕೊಂದು ಚಾಕಲೇಟ್ ಇಟ್ಟಿರುವ ಅಂಗಡಿಯ ಕ್ಯಾಲೆಂಡರ್‌ಗಳು ಡಿಸೆಂಬರ್ 1ಕ್ಕೆ ಶುರುವಾಗುತ್ತವೆ. ಚರ್ಚಿನ ಲೆಕ್ಕ ಅದಲ್ಲ. ಇನ್ನೊಂದು, ನಾಲ್ಕು ವಾರ ಎಂದರೆ 28 ದಿನ ಎಂದುಕೊಳ್ಳುವುದು. 2023ರಲ್ಲಿ ನಾಲ್ಕನೇ ಭಾನುವಾರ ಡಿಸೆಂಬರ್ 24ಕ್ಕೇ ಬಂದಿತ್ತು. ಬೆಳಿಗ್ಗೆ ನಾಲ್ಕನೇ ಬತ್ತಿ, ರಾತ್ರಿ ಬಿಳಿ ಬತ್ತಿ. 2028ರಲ್ಲೂ ಹಾಗೆಯೇ ಬರಲಿದೆ. ಅಂಥ ವರ್ಷ ರಾಗಿ ಬಿತ್ತುವ ದಿನವನ್ನು ಭಾನುವಾರದಿಂದ ಎಣಿಸಿದರೆ ತಪ್ಪುತ್ತದೆ.

ಹಂತ 2: ಅಡ್ವೆಂಟ್ ರೀತ್ ಮತ್ತು ನಾಲ್ಕು ಬತ್ತಿ

ಮನೆಯೊಳಗೆ ಮೊದಲು ಬರಬೇಕಾದದ್ದು ಈ ರೀತ್, ಅಂದರೆ ಬತ್ತಿಗಳನ್ನು ನಿಲ್ಲಿಸುವ ಹಸಿರು ಸೊಪ್ಪಿನ ಬಳೆ. ತಂತಿಯನ್ನು ದುಂಡಗೆ ಬಗ್ಗಿಸಿ, ಸರ್ವೆ ಅಥವಾ ಥೂಜಾ ಸೊಪ್ಪನ್ನು ಸುತ್ತಿ, ಮರಳು ಹರಡಿದ ತಟ್ಟೆಯ ಮೇಲಿಡಿ. ಬಳೆಗೆ ಆದಿಯಿಲ್ಲ, ಅಂತ್ಯವಿಲ್ಲ: ದೇವರ ಪ್ರೀತಿಯ ಹಾಗೆ. ಬಾಡದ ಹಸಿರು ನಿತ್ಯಜೀವ. ಮಾವಿನ ಎಲೆ ಬೇಡ, ಮೂರೇ ದಿನದಲ್ಲಿ ಸುರುಟಿಕೊಂಡು ಬತ್ತಿಯ ಕಡೆಗೆ ತಿರುಗುತ್ತದೆ.

ನಾಲ್ಕು ಬತ್ತಿಗಳನ್ನು ಸುತ್ತಲೂ ಸಮ ಅಂತರದಲ್ಲಿ, ಬಿಳಿಯದನ್ನು ನಡುವೆ, ಮರಳಿನೊಳಗೆ ಊರಿ ನಿಲ್ಲಿಸಿ. ಮೊದಲ ಭಾನುವಾರ ಒಂದು ನೇರಳೆ. ಎರಡನೇ ಭಾನುವಾರ ಅದೇ ಹಳೆಯದರ ಜೊತೆ ಇನ್ನೊಂದು ನೇರಳೆ. ಮೂರನೇ ಭಾನುವಾರ ಆ ಎರಡರ ಜೊತೆ ಗುಲಾಬಿ. ನಾಲ್ಕನೇ ಭಾನುವಾರ ಉಳಿದ ನೇರಳೆಯೂ ಸೇರಿ ನಾಲ್ಕೂ. ಬಿಳಿಯದು ಕ್ರಿಸ್ತನ ಬತ್ತಿ, 24ರ ರಾತ್ರಿಯವರೆಗೆ ಅದನ್ನು ಮುಟ್ಟಬಾರದು.

ನೇರಳೆ ಪಶ್ಚಾತ್ತಾಪದ, ಕಾಯುವಿಕೆಯ ಬಣ್ಣ. ಈ ವಾರಗಳಲ್ಲಿ ಬಲಿಪೂಜೆಗೆ (ಚರ್ಚಿನ ಮುಖ್ಯ ಪೂಜೆ) ಗುರುಗಳು ತೊಡುವ ವಸ್ತ್ರವೂ ಅದೇ. ಮೂರನೇ ವಾರ ಕಾಯುವಿಕೆ ಅರ್ಧ ದಾಟಿತು, ಸಂತೋಷಪಡಿ ಎಂದು ಹೇಳುವ ವಾರ, ಅದಕ್ಕೆ ಗುಲಾಬಿ. ಹಲವು ಕಡೆ ನಾಲ್ಕು ಬತ್ತಿಗಳನ್ನು ಭರವಸೆ, ಶಾಂತಿ, ಆನಂದ, ಪ್ರೀತಿ ಎಂದು ಓದುತ್ತಾರೆ. ಈ ಹೆಸರುಗಳ ಕ್ರಮ ಚರ್ಚಿನಿಂದ ಚರ್ಚಿಗೆ ಬದಲಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗುಲಾಬಿ ಮಾತ್ರ ಮೂರನೆಯದೇ.

ಹೆಚ್ಚಿನವರು ಮಾಡುವ ತಪ್ಪೆಂದರೆ ಪ್ರತಿ ವಾರ ಹೊಸದೊಂದನ್ನು ಮಾತ್ರ ಹಚ್ಚುವುದು. ಹಿಂದಿನವೂ ಉರಿಯಬೇಕು, ಬೆಳಕು ವಾರದಿಂದ ವಾರಕ್ಕೆ ಹೆಚ್ಚಬೇಕು. ಹೀಗಾಗಿ ನಾಲ್ಕನೇ ವಾರದ ಹೊತ್ತಿಗೆ ಮೊದಲ ಬತ್ತಿ ಮೋಟಾಗಿ, ಕೊನೆಯದು ಎತ್ತರವಾಗಿ ನಿಂತಿರುತ್ತದೆ. ಚೆಂದ ಕಾಣಲೆಂದು ಬತ್ತಿ ಬದಲಿಸಿ ಸಮ ಮಾಡುವವರಿದ್ದಾರೆ. ಮಾಡಬೇಡಿ, ಆ ಏರುಪೇರೇ ಕಳೆದ ವಾರಗಳ ಲೆಕ್ಕ. ಸಂಜೆಯ ಜಪ ಮುಗಿಯುವಷ್ಟು ಹೊತ್ತು, ಹತ್ತು ಹದಿನೈದು ನಿಮಿಷ ಹಚ್ಚಿ, ಆಮೇಲೆ ಆರಿಸಿ. ನೇರಳೆ ಬತ್ತಿ ಸಿಗದ ಊರಿನಲ್ಲಿದ್ದರೆ ಬಿಳಿ ಬತ್ತಿಯ ಬುಡಕ್ಕೆ ನೇರಳೆ ರಿಬ್ಬನ್ ಕಟ್ಟಿದರೆ ಸಾಕು. ಜ್ವಾಲೆ ಅಲ್ಲಿಗೆ ಇಳಿಯುವ ಮೊದಲು ಬಿಚ್ಚಿಬಿಡಿ.

ಸೊಪ್ಪನ್ನು ಪ್ರತಿ ಶನಿವಾರ ಬದಲಿಸಿ. ಬೆರಳಲ್ಲಿ ಉಜ್ಜಿದಾಗ ಪುಡಿಯಾಗುವ ಸೊಪ್ಪಿನ ನಡುವೆ ಬತ್ತಿ ಹಚ್ಚುವುದು ಬೇಡವೇ ಬೇಡ.

ಹಂತ 3: ನಕ್ಷತ್ರ

ದೀಪಾವಳಿಗೆ ಗೂಡುದೀಪ ಕಟ್ಟಿ ಅಭ್ಯಾಸವಿರುವ ಕರಾವಳಿಯವರಿಗೆ ಈ ಕೆಲಸ ಹೊಸದಲ್ಲ. ಉಳಿದವರು ನಿಧಾನವಾಗಿ ಓದಿಕೊಳ್ಳಿ.

ಎರಡು ಅಡಿ ಉದ್ದದ ಹತ್ತು ಬಿದಿರ ಸೀಳುಗಳು, ಐದಾರು ಇಂಚಿನ ಐದು ತುಂಡುಗಳು ಬೇಕು. ಸೀಳುಗಳನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಬಗ್ಗುವಾಗ ಸೀಳುತ್ತವೆ. ಐದು ಸೀಳುಗಳನ್ನು ನೆಲದ ಮೇಲೆ ಐದು ಮೂಲೆಯ ನಕ್ಷತ್ರದಂತೆ ಒಂದರ ಮೇಲೊಂದು ಹಾಯಿಸಿ, ತುದಿಗಳನ್ನು ದಾರದಿಂದ ಬಿಗಿಯಿರಿ. ಇನ್ನೈದರಿಂದ ಅಂಥದ್ದೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನೂ ಜೋಡಿಸಿ ಕಟ್ಟಿ. ಈಗ ಒಳಗೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಕಡೆ ಚಿಕ್ಕ ತುಂಡುಗಳನ್ನು ಎರಡು ಚೌಕಟ್ಟುಗಳ ನಡುವೆ ಅಡ್ಡಕ್ಕೆ ನಿಲ್ಲಿಸಿ ಕಟ್ಟಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಉಬ್ಬು ಒಂದೇ ಕಡೆಗೆ ವಾಲಿದರೆ ಸೀಳುಗಳ ಉದ್ದ ಸಮವಿಲ್ಲ ಎಂದರ್ಥ. ಕಾಗದ ಅಂಟಿಸುವ ಮೊದಲೇ ಬಿಚ್ಚಿ ಸರಿಮಾಡಿ, ಆಮೇಲೆ ಆಗದು.

ಹಿಂಬದಿಯ ಒಂದು ಭಾಗಕ್ಕೆ ಕಾಗದ ಹಚ್ಚದೆ ಬಿಡಿ. ಬಲ್ಬು ಹಾಕಲು, ಬಿಸಿ ಹೊರಹೋಗಲು. ಐದರಿಂದ ಒಂಬತ್ತು ವ್ಯಾಟ್ ಎಲ್ಇಡಿ ಸಾಕು. ಹಳೆಯ 60 ವ್ಯಾಟ್ ಬಲ್ಬು ಹಾಕಿದರೆ ಕಾಗದ ಮೊದಲು ಕಂದುತ್ತದೆ, ಆಮೇಲೆ ಹೊತ್ತುತ್ತದೆ. ಕಾಗದದ ಮೇಲೆ ಕಂದು ಕಲೆ ಕಂಡ ದಿನವೇ ಬಲ್ಬು ಬದಲಿಸಿ. ಡಿಸೆಂಬರ್‌ನಲ್ಲೂ ಚಂಡಮಾರುತದ ಮಳೆ ಬರುವುದುಂಟು, ಆದ್ದರಿಂದ ಸೂರಿನ ಒಳಗೆ ತೂಗುಹಾಕಿ. ವೈರು ಹೋಲ್ಡರಿಗೆ ಸೇರುವ ಮುನ್ನ ಕೆಳಗೆ ಒಂದು ಬಾಗು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಅರ್ಥ ಗೊತ್ತಿರುವುದೇ: ಬೈಬಲ್‌ನಲ್ಲಿ ಯೇಸುವಿನ ಜೀವನ ಹೇಳುವ ಮತ್ತಾಯನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಮೂಡಣ ದೇಶದ ಜ್ಞಾನಿಗಳಿಗೆ, ಅಂದರೆ ನಾವು ಮೂವರು ರಾಯರು ಎನ್ನುವವರಿಗೆ, ದಾರಿ ತೋರಿಸಿದ್ದು ನಕ್ಷತ್ರ. ಹಾಗಾಗಿ ಅದು ದಾರಿಹೋಕರಿಗೆ ಕಾಣಬೇಕು, ಹೊರಗೆ, ಎತ್ತರದಲ್ಲಿ. ಐದು ಮೂಲೆಯೋ ಆರೋ ಎಂಬುದಕ್ಕೆ ಬೈಬಲ್‌ನಲ್ಲಿ ಉತ್ತರವಿಲ್ಲ, ಬಾಲದ ಮಾತೂ ಇಲ್ಲ. ನಿಮಗಿಷ್ಟ ಬಂದದ್ದು ಕಟ್ಟಿ. ಇದೊಂದನ್ನು ಆಗಮನ ಕಾಲದ ಶುರುವಿಗೇ ತೂಗುಹಾಕಬಹುದು, ಏಕೆಂದರೆ ದೂರದಿಂದ ಬರುವವರು ಬೇಗ ಹೊರಡಬೇಕು.

ಹಂತ 4: ಗೋದಲಿಯ ಗುಡ್ಡ ಮತ್ತು ಗುಡಿಸಲು

ಎರಡನೇ ಭಾನುವಾರದ ಸುಮಾರಿಗೆ ಶುರುಮಾಡಿ. ಮೊದಲು ಜಾಗ. ಬಾಗಿಲ ಗಾಳಿ ನೇರ ಬಡಿಯದ, ಮಕ್ಕಳು ಓಡುವ ದಾರಿಯಲ್ಲಿಲ್ಲದ, ಪ್ಲಗ್ ಪಾಯಿಂಟ್ ಹತ್ತಿರವಿರುವ ಮೂಲೆ. ಮನೆಯಲ್ಲಿ ಬೆಕ್ಕಿದ್ದರೆ ಎತ್ತರದ ಮೇಜು. ಬೆಕ್ಕಿಗೆ ಹುಲ್ಲಿನ ಗುಡಿಸಲು ಕಂಡರೆ ಅದು ತನಗಾಗಿಯೇ ಕಟ್ಟಿದ್ದು ಎಂಬ ನಂಬಿಕೆ.

ಎಲ್ಲಕ್ಕಿಂತ ಮೊದಲು ತೊಟ್ಟಿ ಎಲ್ಲಿರಬೇಕೆಂದು ಗುರುತುಮಾಡಿ. ನಡುಮಧ್ಯದಲ್ಲೇ ಇರಬೇಕೆಂದಿಲ್ಲ. ಆದರೆ ಎದುರು ನಿಂತವರ ಕಣ್ಣಿಗೆ ಅಡ್ಡಿಯಿಲ್ಲದೆ ಕಾಣಬೇಕು, ಎಲ್ಲ ದಾರಿಗಳೂ ಅಲ್ಲಿಗೆ ಮುಟ್ಟಬೇಕು. ನಮ್ಮ ಗೋದಲಿಗಳಲ್ಲಿ ಬಾವಿ, ಗದ್ದೆ, ಎತ್ತಿನಗಾಡಿ ಬರುವುದು ತಪ್ಪಲ್ಲ. ನಮ್ಮ ಊರಿಗೇ ಬಂದು ಹುಟ್ಟಲಿ ಎಂಬ ಆಸೆ ಅದು. ಆದರೆ ಆಟದ ರೈಲು, ವಿಮಾನ, ತಿರುಗುವ ಜಾಯಿಂಟ್ ವೀಲ್ ಸೇರಿ ತೊಟ್ಟಿಯನ್ನು ಹುಡುಕಬೇಕಾದ ಸ್ಥಿತಿ ಬಂದರೆ ಕೆಲವನ್ನು ತೆಗೆಯಲೇಬೇಕು. ಆಫೀಸು, ಅಪಾರ್ಟ್‌ಮೆಂಟಿನ ಗೋದಲಿಗಳಲ್ಲಿ ಈ ರೋಗ ಜಾಸ್ತಿ.

ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಟೇಪು ಹಾಕಿ, ಮೇಲೆ ಖಾಕಿ ಕಾಗದ ಹೊದಿಸಿದರೆ ಗುಡ್ಡ. ಕಾಗದವನ್ನು ಮೊದಲು ಚೆನ್ನಾಗಿ ಮುದುಡಿ ಬಿಡಿಸಿ, ಮಡಿಕೆಗಳ ಏಣಿನ ಮೇಲೆ ಮಾತ್ರ ತೆಳುವಾಗಿ ಬಿಳಿ, ಬೂದು ಬಣ್ಣ ಸವರಿ. ಒಣಗಿದ ಮೇಲೆ ಬಂಡೆಯೇ. ಥರ್ಮಕೋಲ್ ಬಳಸುವುದಾದರೆ ಸ್ಪ್ರೇ ಪೇಂಟ್ ಹೊಡೆಯಲೇಬೇಡಿ, ಅದರಲ್ಲಿರುವ ದ್ರಾವಕ ಥರ್ಮಕೋಲನ್ನು ತಿಂದುಹಾಕುತ್ತದೆ. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ ಅಥವಾ ಗೋಡೆಗೆ ಬಳಿಯುವ ಡಿಸ್ಟೆಂಪರ್ ಹಚ್ಚಿ.

ಗುಹೆಯೋ ಗುಡಿಸಲೋ? ಇನ್ನೊಂದು ಶುಭಸಂದೇಶ ಬರೆದ ಲೂಕ ಎರಡನ್ನೂ ಹೇಳುವುದಿಲ್ಲ. ಛತ್ರದಲ್ಲಿ ಜಾಗ ಸಿಗದೆ ತಾಯಿ ಮರಿಯ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ, ಅಂದರೆ ದನದ ಮೇವಿನ ತೊಟ್ಟಿಯಲ್ಲಿ, ಮಲಗಿಸಿದಳು ಎಂದಷ್ಟೇ ಹೇಳುತ್ತಾನೆ. ಬೆತ್ಲೆಹೇಮಿನ ಜನನದ ದೇವಾಲಯ ನಿಂತಿರುವುದು ಒಂದು ಗುಹೆಯ ಮೇಲೆ, ಆದ್ದರಿಂದ ಗುಹೆಗೂ ಆಧಾರವಿದೆ. ಯಾವುದಾದರೂ ಸರಿ, ತೊಟ್ಟಿ ಮಾತ್ರ ದನ ಮೇಯುವ ತೊಟ್ಟಿಯಾಗಿಯೇ ಇರಲಿ. ಅದಕ್ಕೆ ಲೇಸು, ಸ್ಯಾಟಿನ್ ಬಟ್ಟೆ, ಚಮಕಿ ಹಾಕಿ ತೊಟ್ಟಿಲು ಮಾಡಿದರೆ ದೇವರು ಬಡವರ ಪಾಲಿಗೆ ಬಂದ ಕಥೆಯೇ ಮುಚ್ಚಿಹೋಗುತ್ತದೆ.

ಗುಡಿಸಲಿನ ಬಾಯಿ ಜೋಸೆಫರ ಗೊಂಬೆಯ ಒಂದೂವರೆಯಷ್ಟು ಎತ್ತರವಿರಲಿ. ಗೊಂಬೆಗಳು ಬೇರೆಬೇರೆ ಸೆಟ್ಟಿನವಾದರೆ ಚಿಕ್ಕವನ್ನು ಹಿಂದೆ, ಎತ್ತರದಲ್ಲಿ ಇಡಿ, ದೂರದಲ್ಲಿದ್ದಂತೆ ಕಾಣುತ್ತವೆ. ಕುರಿ ಜೋಸೆಫರ ಸೊಂಟದವರೆಗೆ ಬಂದರೆ ಮಕ್ಕಳು ನಗುತ್ತಾರೆ.

ಹಂತ 5: ರಾಗಿ ಪೈರು

ಅತಿ ಹೆಚ್ಚು ಜನ ಸೋಲುವುದು ಇಲ್ಲಿ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ರಾಗಿ ನಾಲ್ಕು ಇಂಚು ಬೆಳೆಯಲು ಹತ್ತರಿಂದ ಹನ್ನೆರಡು ದಿನ ಬೇಕು. ಬೆಂಗಳೂರು, ಮೈಸೂರು ಕಡೆ ಬೆಳಗಿನ ಚಳಿಗೆ ನಿಧಾನ. ಡಿಸೆಂಬರ್ 12 ಅಥವಾ 13ಕ್ಕೆ ಬಿತ್ತಿ. ಮಂಗಳೂರು, ಉಡುಪಿಯ ಸೆಕೆಗೆ ಬೇಗ. ಎರಡು ದಿನ ತಡವಾದರೂ ಸರಿ. ಒಂದನೇ ತಾರೀಖಿಗೇ ಬಿತ್ತಿದವರ ಪೈರು ಹಬ್ಬದ ದಿನ ಉದ್ದವಾಗಿ ಬಾಗಿ ಮಲಗಿರುತ್ತದೆ.

ಸಂಜೆ ರಾಗಿಯನ್ನು ತೊಳೆದು ನೆನೆಹಾಕಿ. ತೇಲಿದ ಜೊಳ್ಳು ತೆಗೆಯಿರಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ದಿನ ಇಡಿ, ಅಂಬಲಿಗೆ ಮೊಳಕೆ ಕಟ್ಟುವ ಹಾಗೆಯೇ. ಬಿಳಿ ಮೂತಿ ಇಣುಕಿದ ಕೂಡಲೇ ಬಿತ್ತಬೇಕು. ಮೊಳಕೆ ಉದ್ದವಾದರೆ ಹರಡುವಾಗ ಮುರಿಯುತ್ತದೆ. ಹುರಿದ ರಾಗಿ, ಹುಳುಮಾತ್ರೆ ಹಾಕಿಟ್ಟ ಹಳೆಯ ರಾಗಿ ಮೊಳೆಯುವ ಭರವಸೆ ಇಲ್ಲ, ಹೊಸದು ತನ್ನಿ.

ತಳದಲ್ಲಿ ತೂತಿರುವ, ಎರಡು ಇಂಚು ಆಳದ ಟ್ರೇಗೆ ಜರಡಿ ಹಿಡಿದ ಮಣ್ಣು, ಸ್ವಲ್ಪ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿ. ನೀರು ಚಿಮುಕಿಸಿ ಸಮಮಾಡಿ. ಮೊಳಕೆಯನ್ನು ಒತ್ತಾಗಿ, ಆದರೆ ಕಾಳಿನ ಮೇಲೆ ಕಾಳು ಬೀಳದಂತೆ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಒದ್ದೆ ಗೋಣಿ ಮುಚ್ಚಿ. ಎರಡು ಮೂರನೇ ದಿನ ಹಸಿರು ಮೂತಿ ಕಂಡಾಗ ಗೋಣಿ ತೆಗೆದು ಬೆಳಗಿನ ಬಿಸಿಲು ಬೀಳುವಲ್ಲಿ ಇಡಿ. ಗೋಣಿ ತೆಗೆಯಲು ಮರೆತರೆ ಪೈರು ಹಳದಿ ಸೂಜಿಯಾಗುತ್ತದೆ, ಆಮೇಲೆ ಬಿಸಿಲಿಗಿಟ್ಟರೂ ನೆಟ್ಟಗೆ ನಿಲ್ಲದು.

ನೀರು ಬೆಳಿಗ್ಗೆ ಸಂಜೆ ಕೈಯಲ್ಲಿ ಚಿಮುಕಿಸಿದರೆ ಸಾಕು. ಚೊಂಬಿನಲ್ಲಿ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹರಿದು ಅಲ್ಲೊಂದು ಪೊದೆ, ಇಲ್ಲೊಂದು ಬಯಲು.

ಬೇರಿನ ಬಳಿ ಬಿಳಿ ನೂಲಿನಂಥದ್ದು ಕಂಡರೆ ಗಾಬರಿ ಬೇಡ. ನೀರು ಚಿಮುಕಿಸಿ ನೋಡಿ: ಮಾಯವಾದರೆ ಅದು ಬೇರಿನ ರೋಮ. ಹಾಗೇ ಉಳಿದು, ಕಾಳಿನಿಂದ ಕಾಳಿಗೆ ಬಲೆಯಂತೆ ಹಬ್ಬಿ, ಹುಳಿವಾಸನೆ ಬಂದರೆ ಬೂಷ್ಟು. ಆ ಭಾಗವನ್ನು ಚಮಚದಲ್ಲಿ ಎತ್ತಿ ಎಸೆದು, ಒಂದು ದಿನ ನೀರು ನಿಲ್ಲಿಸಿ. ಪೈರು ಬುಡದಲ್ಲೇ ತೆಳ್ಳಗಾಗಿ ಕುಸಿಯುತ್ತಿದ್ದರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ.

ತಡವಾಯಿತೇ? 16ನೇ ತಾರೀಖಿನ ನಂತರ ರಾಗಿ ಬಿಟ್ಟು ಗೋಧಿ ಅಥವಾ ಮೆಂತ್ಯ ಹಾಕಿ, ವಾರದಲ್ಲಿ ಹಸಿರಾಗುತ್ತವೆ. ಗೋಧಿ ನೆಟ್ಟಗೆ ನಿಲ್ಲುತ್ತದೆ, ಮೆಂತ್ಯ ಬೇಗ ಬಾಗುತ್ತದೆ.

ಟ್ರೇಗಳನ್ನು ಗೋದಲಿಗೆ ಸೇರಿಸುವುದು 23ಕ್ಕೆ. ಆಮೇಲೂ ದಿನಕ್ಕೊಂದು ಗಂಟೆ ಹೊರಗೆ ಬಿಸಿಲಿಗಿಟ್ಟರೆ ಹೊಸ ವರ್ಷದವರೆಗೆ ಬಾಳುತ್ತದೆ. ಬರಡು ನೆಲ ಹಸಿರಾಗಿ ಅರಳುವುದೆಂಬ ಪ್ರವಾದಿ ಯೆಶಾಯನ ಮಾತು, ಕಾಳು ಮಣ್ಣಿಗೆ ಬಿದ್ದು ಸತ್ತರೆ ಬಹಳ ಫಲ ಕೊಡುವುದೆಂಬ ಯೇಸುವಿನ ಮಾತು, ಎರಡನ್ನೂ ಮಕ್ಕಳಿಗೆ ಹೇಳಲು ಈ ಟ್ರೇಗಿಂತ ಒಳ್ಳೆಯ ಪಾಠವಿಲ್ಲ. ಬಿತ್ತುವ ಕೆಲಸ ಅವರ ಕೈಯಲ್ಲೇ ಮಾಡಿಸಿ.

ಹಂತ 6: 24ಕ್ಕೆ ಮೊದಲು ಯಾರು ಒಳಗೆ, ಯಾರು ಹೊರಗೆ

ಮೊದಲು ಬರುವುದು ಎತ್ತು ಮತ್ತು ಕತ್ತೆ. ಹಟ್ಟಿ ಅವುಗಳದ್ದೇ. ಕ್ರಿಸ್ತ ಜನನದ ಕಥೆಯಲ್ಲಿ ಲೂಕನಾಗಲಿ ಮತ್ತಾಯನಾಗಲಿ ಅವುಗಳ ಹೆಸರೆತ್ತುವುದಿಲ್ಲ. ಅವು ಬಂದದ್ದು ಯೆಶಾಯನ ಮೊದಲ ಅಧ್ಯಾಯದಿಂದ: ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೋ ತಿಳಿವಿಲ್ಲ ಎಂದು ದೇವರು ನೊಂದುಕೊಳ್ಳುವ ಮಾತು ಅಲ್ಲಿದೆ. ಆದ್ದರಿಂದ ಅವುಗಳ ಮುಖ ತೊಟ್ಟಿಯ ಕಡೆಗಿರಲಿ, ನೋಡುವವರ ಕಡೆಗಲ್ಲ.

ಮರಿಯ, ಜೋಸೆಫರನ್ನು ನವೇನ (ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ) ಶುರುವಾಗುವ 16ರಂದು ಗುಡ್ಡದ ದೂರದ ಅಂಚಿನಲ್ಲಿಟ್ಟು, ದಿನಕ್ಕಿಷ್ಟು ಗುಡಿಸಲ ಕಡೆಗೆ ಸರಿಸಬಹುದು. ಮಕ್ಕಳು ಈ ಕೆಲಸವನ್ನು ಒಂದು ದಿನವೂ ಮರೆಯುವುದಿಲ್ಲ. ಕುರುಬರು, ಕುರಿಗಳು ಗುಡಿಸಲಿನಿಂದ ದೂರ, ಹುಲ್ಲುಗಾವಲಿನಲ್ಲಿ. ಅವರಿಗಿನ್ನೂ ಸುದ್ದಿ ಮುಟ್ಟಿಲ್ಲ.

ಕೈಯಲ್ಲಿ ‘ಗ್ಲೋರಿಯಾ’ ಪಟ್ಟಿ ಹಿಡಿದ ದೇವದೂತನನ್ನು ಈಗಲೇ ತೂಗುಹಾಕಬೇಡಿ. ಆಗಮನ ಕಾಲದ ಭಾನುವಾರಗಳಲ್ಲಿ ಚರ್ಚಿನಲ್ಲೂ ಗ್ಲೋರಿಯಾ, ಅಂದರೆ ಮಹಿಮಾಗೀತೆ, ಹಾಡುವುದಿಲ್ಲ, ಅದು ಮತ್ತೆ ಮೊಳಗುವುದು ಕ್ರಿಸ್‌ಮಸ್ ರಾತ್ರಿ. ಮನೆಯ ದೂತನೂ ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿರಲಿ.

ತೊಟ್ಟಿ ಖಾಲಿ. ಬಾಲಯೇಸು ತೊಟ್ಟಿಗೆ ಅಂಟಿಕೊಂಡೇ ಇರುವ ಸೆಟ್ಟಾದರೆ ಇಡೀ ತುಂಡನ್ನೇ ಎತ್ತಿಟ್ಟು, ಅದರ ಜಾಗದಲ್ಲಿ ಒಂದು ಹಿಡಿ ಹುಲ್ಲು ಹಾಕಿ. ಕೆಲವು ಮನೆಗಳಲ್ಲಿ ಮಕ್ಕಳು ಒಂದು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ಒಂದು ಕಡ್ಡಿ ಹುಲ್ಲು ತಂದು ಹಾಕುತ್ತಾರೆ.

ಸಾಂಟಾ ಗೊಂಬೆಯನ್ನು ಗೋದಲಿಯೊಳಗೆ ನಿಲ್ಲಿಸುವುದು ಈಗ ಎಲ್ಲೆಲ್ಲೂ ಕಾಣುತ್ತದೆ. ಸಾಂಟಾನ ಹಿಂದಿರುವ ಸಂತ ನಿಕೊಲಾಸರು ಮೈರಾದ ಬಿಷಪರಾಗಿದ್ದವರು, ಅವರ ಹಬ್ಬ ಡಿಸೆಂಬರ್ 6. ಅವರಿಗೆ ಬೇರೆ ಜಾಗ ಕೊಡಿ, ಬೆತ್ಲೆಹೇಮಿನಲ್ಲಿ ಬೇಡ.

ಹಂತ 7: ಮರ

ಇದಕ್ಕೆ ಹೆಚ್ಚು ಮಾತು ಬೇಡ. ಸರ್ವೆ ಕೊಂಬೆಯಾದರೆ ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ಊರಿ, ಮೂರನೇ ಭಾನುವಾರದ ನಂತರ ತನ್ನಿ. ಮೊದಲೇ ತಂದರೆ ಹಬ್ಬಕ್ಕೆ ಒಣಗುತ್ತದೆ. ಕುಂಡದಲ್ಲಿರುವ ಜೀವಂತ ಗಿಡ ಎಲ್ಲಕ್ಕಿಂತ ಮೇಲು. ಹಸಿರು ನಿತ್ಯಜೀವಕ್ಕೆ. ಕೆಂಪು ಗುಂಡುಗಳು ಆದಾಮ ಏವೆಯರು ತಿಂದ ಏದೆನ್ ತೋಟದ ಹಣ್ಣಿಗೆ. ಆ ಮರದಿಂದ ಕಳೆದುಹೋದದ್ದು ಈ ಕೂಸಿನಿಂದ ಮರಳಿತು ಎಂಬ ಭಾವ. ದಾವೀದನ ತಂದೆ ಇಷಯನ ಬುಡದಿಂದ ಚಿಗುರೊಡೆಯುವುದೆಂಬ ಯೆಶಾಯನ ಮಾತನ್ನೂ ಇಲ್ಲಿ ನೆನೆಯುತ್ತಾರೆ. ತುದಿಯಲ್ಲಿ ನಕ್ಷತ್ರ ಅಥವಾ ದೇವದೂತ.

ಸಿಹಿ ಕೋಲುಗಳನ್ನು ತೂಗುಹಾಕಿ, ಬಾಗಿದ ತುದಿಯನ್ನು ಕುರುಬರ ಕೋಲೆಂದು ಹೇಳಿಕೊಡಿ. ಅದರ ಕೆಂಪು ಪಟ್ಟೆಗಳಿಗೆ ಓಡಾಡುವ ಉದ್ದುದ್ದ ಕಥೆಗಳಿಗೆ ಹಳೆಯ ಆಧಾರವಿಲ್ಲ.

ಹಂತ 8: ದೀಪ ಮತ್ತು ವೈರು

‘ನಾನೇ ಜಗಜ್ಯೋತಿ’ ಎಂದವನ ಹಬ್ಬಕ್ಕೆ ದೀಪ ಬೇಕೇ ಬೇಕು, ಆದರೆ ಗೋದಲಿ ಎಂದರೆ ಒಣಹುಲ್ಲು, ಕಾಗದ, ಗೋಣಿ. ಒಳಗೆ ಉರಿಯುವ ಮೇಣದಬತ್ತಿ, ಹಣತೆ, ಊದುಬತ್ತಿ ಯಾವುದೂ ಬೇಡ.

ಸೀರಿಯಲ್ ಸೆಟ್ಟನ್ನು ಮೊದಲು ನೆಲದ ಮೇಲೆ ಬಿಡಿಸಿ, ಅರ್ಧ ಗಂಟೆ ಉರಿಸಿ, ಉದ್ದಕ್ಕೂ ಕೈಯಾಡಿಸಿ ನೋಡಿ. ಎಲ್ಲಾದರೂ ಬಿಸಿಯೆನಿಸಿದರೆ, ಮಿಣುಕಿದರೆ, ಸುಟ್ಟ ವಾಸನೆ ಬಂದರೆ ಎಸೆಯಿರಿ. ಜೋಡಣೆಗಳನ್ನು ಹುಲ್ಲಿನಡಿ ಹೂಳದೆ ಮೇಜಿನ ಹಿಂಬದಿಗೆ ತನ್ನಿ. ಸೆಟ್ಟಿಗೆ ಸೆಟ್ಟು ಕಟ್ಟುತ್ತಾ ಹೋಗಬೇಡಿ. ಕೊಳಕ್ಕೆ ನಿಜವಾದ ನೀರಿಡುವ ಬದಲು ಕನ್ನಡಿ ಇಟ್ಟರೆ ವೈರಿಗೂ ಒಳ್ಳೆಯದು, ಪ್ಲಾಸ್ಟರ್ ಗೊಂಬೆಗೂ ಒಳ್ಳೆಯದು. ಒದ್ದೆಯಾದರೆ ಅವುಗಳ ಪಾದ ಮೆತ್ತಗಾಗುತ್ತದೆ.

ಅತಿ ಅಪಾಯದ ಹೊತ್ತು 24ರ ರಾತ್ರಿ. ಮನೆಮಂದಿಯೆಲ್ಲ ಚರ್ಚಿಗೆ ಹೊರಡುವಾಗ ಚೆಂದ ಕಾಣಲೆಂದು ಎಲ್ಲ ದೀಪ ಉರಿಸಿಟ್ಟು ಬೀಗ ಹಾಕುತ್ತಾರೆ. ಹೊರಗಿನ ನಕ್ಷತ್ರ ಉರಿಯಲಿ, ಒಳಗಿನದ್ದನ್ನೆಲ್ಲ ಪ್ಲಗ್ಗಿನಿಂದಲೇ ಕಿತ್ತು ಹೊರಡಿ.

ಹಂತ 9: ಕ್ರಿಸ್‌ಮಸ್ ರಾತ್ರಿ

ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದ ಮೇಲೆ ಅಥವಾ ಹೊರಡುವ ಮುನ್ನ, ನಿಮ್ಮ ಮನೆಯ ರೂಢಿಯಂತೆ. ದೀಪ ಆರಿಸಿ. ಒಬ್ಬರು ಲೂಕ ಎರಡನೇ ಅಧ್ಯಾಯದ ಒಂದರಿಂದ ಹದಿನಾಲ್ಕನೇ ವಚನದವರೆಗೆ ಓದಲಿ. ಏಳನೇ ವಚನದಲ್ಲಿ ಓದು ನಿಲ್ಲಿಸಿ, ಮನೆಯ ಅತಿ ಚಿಕ್ಕವರ ಕೈಯಿಂದ ಬಾಲಯೇಸುವನ್ನು ತೊಟ್ಟಿಯಲ್ಲಿ ಮಲಗಿಸಿ. ಕೂಡಲೇ ಬಿಳಿ ಬತ್ತಿ ಹಚ್ಚಿ. ಓದು ಮುಂದುವರಿದು ದೇವದೂತನ ಮಾತು ಬಂದಾಗ ದೂತನನ್ನು ತೂಗುಹಾಕಿ, ದೀಪ ಹಾಕಿ, ಹಾಡಿ. ಆಮೇಲೆ ಕುರುಬರು ಬರಲಿ.

ಮಗು ಕೈ ಜಾರಿಸಿ ಗೊಂಬೆ ಒಡೆದೀತೆಂದು ಅಪ್ಪನೇ ಇಡುವ ಮನೆಗಳುಂಟು. ಕೆಳಗೊಂದು ಚಾಪೆ ಹಾಸಿ, ಮಗುವೇ ಇಡಲಿ.

ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯನ್ನು ಗೋದಲಿಯ ಮುಂದೆ ಇಡುವವರು ರಾತ್ರಿ ಮಲಗುವ ಮುನ್ನ ಎತ್ತಿಬಿಡಿ. ಬೆಳಿಗ್ಗೆ ಎದ್ದಾಗ ಇರುವೆಗಳ ಮೆರವಣಿಗೆ ಕುರುಬರನ್ನು ದಾಟಿ ತೊಟ್ಟಿ ಮುಟ್ಟಿರುತ್ತದೆ.

ಹಂತ 10: ಮೂವರು ರಾಯರು

ಇವರು 25ಕ್ಕೆ ಗುಡಿಸಲಿನ ಬಾಗಿಲಲ್ಲಿ ನಿಂತಿರುವುದೇ ನಮ್ಮ ಗೋದಲಿಗಳ ಅತಿ ದೊಡ್ಡ ತಪ್ಪು. ಮತ್ತಾಯನ ಪ್ರಕಾರ ಅವರು ಬಂದಾಗ ಕೂಸು ಇದ್ದದ್ದು ಒಂದು ಮನೆಯಲ್ಲಿ. ಅಂದರೆ ಕುರುಬರು ಬಂದು ಹೋಗಿ ದಿನಗಳೇ ಕಳೆದಿದ್ದವು.

ಕ್ರಿಸ್‌ಮಸ್ ದಿನ ಅವರನ್ನು ಕೋಣೆಯ ಇನ್ನೊಂದು ತುದಿಯಲ್ಲಿ, ಆದರೆ ಗೋದಲಿಯ ಮೂಡಣ ದಿಕ್ಕಿನಲ್ಲಿ ಇಡಿ. ಕಪಾಟು, ಕಿಟಕಿಯ ಕಟ್ಟೆ, ಟಿವಿಯ ಮೇಲೆ ಎಲ್ಲಾದರೂ ಸರಿ. ದಿನಕ್ಕೊಂದು ಹೆಜ್ಜೆ ಹತ್ತಿರ ತನ್ನಿ. ಅವರು ದಾರಿಯಲ್ಲಿರುವ ದಿನಗಳಲ್ಲೇ ಡಿಸೆಂಬರ್ 28, ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ನೆನಪಿನ ದಿನವೂ ಬರುತ್ತದೆ. ಮೂವರು ರಾಯರ ಹಬ್ಬದ ದಿನ ಗುಡಿಸಲು ಮುಟ್ಟಿಸಿ. ಮೂಲ ದಿನ ಜನವರಿ 6. ನಮ್ಮ ಲ್ಯಾಟಿನ್ ಪದ್ಧತಿಯಲ್ಲಿ ಜನವರಿ 2ರಿಂದ 8ರೊಳಗಿನ ಭಾನುವಾರ ಆಚರಿಸುತ್ತಾರೆ.

ಅವರು ತಂದ ಕಾಣಿಕೆಗಳಲ್ಲಿ ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ (ಒಂದು ಸುಗಂಧದ ಅಂಟು) ಸಾಯಲಿರುವ ಮನುಷ್ಯನಿಗೆ. ಯೇಸುವಿನ ಶವಕ್ಕೆ ಹಚ್ಚಿದ ಸುಗಂಧ ದ್ರವ್ಯದಲ್ಲೂ ರಕ್ತಬೋಳವಿತ್ತು ಎಂದು ಯೋಹಾನ ಬರೆದಿದ್ದಾನೆ. ಬಂದವರು ಮೂವರೇ ಎಂದು ಮತ್ತಾಯ ಹೇಳುವುದಿಲ್ಲ, ಕಾಣಿಕೆ ಮೂರಿದ್ದುದರಿಂದ ಆ ಲೆಕ್ಕ ಬಂತು. ಒಂಟೆಗಳೂ ಮತ್ತಾಯನವಲ್ಲ, ಒಂಟೆಗಳ ಹಿಂಡು, ಚಿನ್ನ, ಧೂಪ ಒಟ್ಟಿಗೆ ಬರುವುದು ಯೆಶಾಯನ 60ನೇ ಅಧ್ಯಾಯದಲ್ಲಿ. ಒಂಟೆಯ ಗೊಂಬೆ ಕಳೆದುಹೋಗಿದ್ದರೆ ಚಿಂತೆಯಿಲ್ಲ, ನಡೆದೇ ಬರಲಿ.

ಹಂತ 11: ತೆಗೆಯುವುದು, ಕಟ್ಟಿಡುವುದು

26ಕ್ಕೇ ಬಿಚ್ಚಬೇಡಿ. ಕ್ರಿಸ್‌ಮಸ್ ಕಾಲ ಆಗಷ್ಟೇ ಶುರುವಾಗಿರುತ್ತದೆ. ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೆ ಇರಲಿ. ಹಳೆಯ ರೂಢಿಯವರು ಫೆಬ್ರವರಿ 2ರವರೆಗೂ ಗೋದಲಿ ಉಳಿಸಿಕೊಳ್ಳುತ್ತಾರೆ. ಕೂಸನ್ನು ಯೆರೂಸಲೇಮಿನ ದೇವಾಲಯದಲ್ಲಿ ಅರ್ಪಿಸಿದ ನೆನಪಿನ ಆ ದಿನಕ್ಕೆ ಕ್ರಿಸ್‌ಮಸ್‌ನಿಂದ ಲೆಕ್ಕ ಹಾಕಿದರೆ ನಲವತ್ತು ದಿನ, ಚರ್ಚಿನಲ್ಲಿ ಅಂದು ಮೇಣದಬತ್ತಿ ಆಶೀರ್ವದಿಸುತ್ತಾರೆ. ಒಣಗಿದ ಮರ, ರೀತಿನ ಸೊಪ್ಪು ಮಾತ್ರ ಬೇಗ ಹೋಗಲಿ.

ಪೈರು, ಹುಲ್ಲು ದನಕ್ಕೆ ಹಾಕುವ ಮುನ್ನ ಗುಂಡುಸೂಜಿ, ಟೇಪು, ಚಮಕಿ ಆಯ್ದು ತೆಗೆಯಿರಿ. ಆಶೀರ್ವಾದವಾದ ಗೊಂಬೆ ಒಡೆದಿದ್ದರೆ ಕಸದ ಗಾಡಿಗೆ ಹಾಕದೆ ಕಾಲು ತುಳಿಯದ ಜಾಗದ ಮಣ್ಣಿನಲ್ಲಿ ಹೂಳಿ. ಪ್ಲಾಸ್ಟರ್ ಗೊಂಬೆಯನ್ನು ಕೆರೆಗೂ ಬಾವಿಗೂ ಬಿಡಬೇಡಿ.

ಉಳಿದವನ್ನು ಒಂದೊಂದಾಗಿ ಪತ್ರಿಕೆಯಲ್ಲಿ ಸುತ್ತಿ. ಮೊದಲು ಮುರಿಯುವುದು ಕತ್ತೆಯ ಕಿವಿ, ಆಮೇಲೆ ದೇವದೂತನ ರೆಕ್ಕೆ. ಅವಕ್ಕೆ ಎರಡು ಸುತ್ತು ಹೆಚ್ಚಿಗೆ. ಪೆಟ್ಟಿಗೆಯಲ್ಲಿ ಜೋಡಿಸುವಾಗ ಮುಂದಿನ ವರ್ಷ ಹೊರಬರುವ ಕ್ರಮ ತಲೆಕೆಳಗು ಮಾಡಿ: ತಳದಲ್ಲಿ ಮೂವರು ರಾಯರು, ಅವರ ಮೇಲೆ ದೇವದೂತ ಮತ್ತು ಚಿಕ್ಕ ಡಬ್ಬಿಯಲ್ಲಿ ಬಾಲಯೇಸು, ಅದರ ಮೇಲೆ ಕುರುಬರು, ಮರಿಯ, ಜೋಸೆಫ್, ಎತ್ತು, ಕತ್ತೆ, ಎಲ್ಲಕ್ಕಿಂತ ಮೇಲೆ ರೀತಿನ ತಂತಿಬಳೆ. ಮುಚ್ಚಳದ ಒಳಗೆ ಕೊಳ್ಳಬೇಕಾದವುಗಳ ಪಟ್ಟಿ ಬರೆದು ಅಂಟಿಸಿ. ನೇರಳೆ ಬತ್ತಿ ಅದರಲ್ಲಿ ಮೊದಲಿರಲಿ. ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದು ಅದೇ.